ಮತ್ತೊಮ್ಮೆ ನೋಡುವ ಹಕ್ಕು

ಕಳೆದ ದೀಪಾವಳಿಗೆ ಮಗಳು ಮನೆಗೆ ಬಂದಿದ್ದಳು. ರಾತ್ರಿ ಊಟವಾದ ಮೇಲೆ ಯಾವುದೋ ಮಾತಿಗೆ ಮಾತು ಬೆಳೆದು, "ನಿನಗೊಂದು ಕಥೆ ತೋರಿಸಬೇಕು ಕಣೇ, ಒಬ್ಬ ಪೋಸ್ಟ್‌ಮನ್ ಕಥೆ" ಎಂದೆ. ಶಂಕರ್‌ನಾಗ್ ನಿರ್ದೇಶಿಸಿದ 'ಮಾಲ್ಗುಡಿ ಡೇಸ್' ಧಾರಾವಾಹಿಯ ಒಂದು ಕಂತು ಅದು. ನಾವು ತಿಂಗಳು ತಿಂಗಳು ಚಂದಾ ಕಟ್ಟುವ ಒಂದು ಸ್ಟ್ರೀಮಿಂಗ್ ಸೇವೆಯಲ್ಲಿ ಕೆಲವು ವರ್ಷಗಳ ಹಿಂದೆ ನಾನೂ ನನ್ನ ಹೆಂಡತಿಯೂ ಅದನ್ನು ನೋಡಿದ್ದೆವು. ಟಿವಿ ಹಾಕಿ ಹೆಸರು ಹುಡುಕಿದರೆ ಬೇರೆ ಏನೇನೋ ಬಂತು, ಅದೊಂದು ಬರಲಿಲ್ಲ. ಮೂರು ಸಲ ಮೂರು ವಿಧವಾಗಿ ಸ್ಪೆಲ್ಲಿಂಗ್ ಬದಲಾಯಿಸಿ ನೋಡಿದ್ದೂ ಆಯಿತು.

"ಅಪ್ಪ, ಅದನ್ನ ತೆಗೆದುಬಿಟ್ಟಿದಾರೆ" ಎಂದಳು ಮಗಳು.

ಅಡಿಗೆಮನೆಯಿಂದ ನನ್ನ ಹೆಂಡತಿ, "ಏನ್ರೀ, ದುಡ್ಡು ಮಾತ್ರ ತಿಂಗಳು ತಿಂಗಳು ತಪ್ಪದೆ ಹೋಗ್ತಾ ಇದೆಯಲ್ಲ?" ಎಂದಳು. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗಂತೂ ಸಿಕ್ಕಿಲ್ಲ.

ಬಂಧುಗಳೇ, ಇದು ನಮ್ಮ ಮನೆಯೊಂದರ ಗೋಳಾಗಿದ್ದರೆ ಪತ್ರಿಕೆಯ ಪುಟ ತುಂಬಿಸುತ್ತಿರಲಿಲ್ಲ. ಇಷ್ಟಪಟ್ಟ ಧಾರಾವಾಹಿ ಒಂದು ಬೆಳಿಗ್ಗೆ ಮಾಯವಾದ ಅನುಭವ ನಿಮ್ಮಲ್ಲಿ ಬಹಳ ಮಂದಿಗೆ ಆಗಿರಲೇಬೇಕು. 'ಅಯ್ಯೋ, ಟಿವಿ ತಾನೆ, ಇನ್ನೊಂದು ನೋಡಿದರಾಯಿತು' ಎಂದು ಸುಮ್ಮನಾಗುತ್ತೇವೆ. ನಾನು ಹೇಳಬೇಕೆಂದಿರುವುದು, ಇದು ಅಷ್ಟು ಸಣ್ಣ ವಿಷಯವಲ್ಲ ಎಂದು. ಒಂದು ಕೃತಿಯನ್ನು ಒಂದು ಸಲ ನೋಡಿದರೆ ಅದು ಕಾಲಕ್ಷೇಪ. ಎರಡನೆಯ ಸಲ, ಮೂರನೆಯ ಸಲ ನೋಡಿದಾಗಲೇ ಅದು ನಮ್ಮದಾಗುವುದು. ಮರಳಿ ನೋಡುವ ಅವಕಾಶವನ್ನೇ ಕಿತ್ತುಕೊಂಡರೆ ನಮಗೆ ಕಾಲಕ್ಷೇಪ ಉಳಿಯುತ್ತದೆ, ಕೃತಿ ಉಳಿಯುವುದಿಲ್ಲ.

ಮೊದಲು ಏನು ನಡೆಯುತ್ತಿದೆ ಎಂಬುದನ್ನು ನೋಡೋಣ. ನಮ್ಮಲ್ಲಿ ಎಷ್ಟೋ ಜನ ಈ ದೇಶದ ಆಡುಮಾತನ್ನು ಕಲಿತದ್ದೇ 'ಫ್ರೆಂಡ್ಸ್' ನೋಡಿ. 1994ರಿಂದ 2004ರವರೆಗೆ ಎನ್‌ಬಿಸಿಯಲ್ಲಿ ಬಂದ ಈ ಧಾರಾವಾಹಿ ಆಮೇಲೆ ನೆಟ್‌ಫ್ಲಿಕ್ಸ್‌ನಲ್ಲಿ ನಮ್ಮ ಮಕ್ಕಳ ತಲೆಮಾರನ್ನೂ ಗೆದ್ದುಕೊಂಡಿತು. 2019ರ ಒಂದು ವರ್ಷ ಅದನ್ನು ಉಳಿಸಿಕೊಳ್ಳಲು ನೆಟ್‌ಫ್ಲಿಕ್ಸ್ ಸುಮಾರು 10 ಕೋಟಿ ಡಾಲರ್ ಕೊಟ್ಟಿತೆಂದು ಪತ್ರಿಕೆಗಳು ವರದಿ ಮಾಡಿದ್ದವು. ಆದರೂ 2020ರ ಜನವರಿ 1ರಂದು ಅಮೆರಿಕದ ನೆಟ್‌ಫ್ಲಿಕ್ಸ್‌ನಿಂದ ಅದು ಹೊರಟಿತು. ಹೋಗಬೇಕಾಗಿದ್ದ ಹೊಸ ಮನೆ ಎಚ್‌ಬಿಒ ಮ್ಯಾಕ್ಸ್ ಬಾಗಿಲು ತೆರೆದದ್ದು ಮೇ ಕೊನೆಗೆ. ಕೊರೋನಾ ಕಾಲದಲ್ಲಿ ಎಲ್ಲರೂ ಮನೆಯಲ್ಲೇ ಕೂತು ಒಂದಿಷ್ಟು ನಗು ಹುಡುಕುತ್ತಿದ್ದ ಆ ತಿಂಗಳುಗಳಲ್ಲೇ ಅದು ಇಲ್ಲಿನ ಯಾವ ಚಂದಾ ಸೇವೆಯಲ್ಲೂ ಇರಲಿಲ್ಲ! 2021ರ ಜನವರಿ 1ರಂದು 'ದಿ ಆಫೀಸ್' ಇದೇ ರೀತಿ ಪೀಕಾಕ್ ಎಂಬ ಸೇವೆಗೆ ಹೋಯಿತು.

ಇವು ಬಾಡಿಗೆ ಮನೆ ಬದಲಾಯಿಸಿದ ಕಥೆಗಳು. ಹಿಂದೆ ಹಿಂದೆ ಹೋದರೆ ಸಿಕ್ಕಾವು, ಇನ್ನೊಂದು ಚಂದಾ ಕಟ್ಟಬೇಕು, ಅಷ್ಟೆ. ಆದರೆ ಸ್ವಂತ ಮನೆಯಿಂದಲೇ ಹೊರಹಾಕಿಸಿಕೊಂಡವೂ ಇವೆ. ಎಚ್‌ಬಿಒ ತಾನೇ ಮಾಡಿಸಿದ 'ವೆಸ್ಟ್‌ವರ್ಲ್ಡ್' ಅನ್ನು 2022ರ ಡಿಸೆಂಬರಿನಲ್ಲಿ ಎಚ್‌ಬಿಒ ಮ್ಯಾಕ್ಸ್‌ನಿಂದ ತೆಗೆದುಹಾಕಲಾಯಿತು. ಡಿಸ್ನಿ ಸಂಸ್ಥೆಯ 'ವಿಲೋ' 2022ರ ನವೆಂಬರ್ 30ರಂದು ಆರಂಭವಾಗಿ, 2023ರ ಮೇ 26ರಂದು, ಆರು ತಿಂಗಳು ತುಂಬುವ ಮೊದಲೇ ಡಿಸ್ನಿ ಪ್ಲಸ್‌ನಿಂದ ಕಾಣೆಯಾಯಿತು. ನಮ್ಮ ಮಕ್ಕಳು ಅಕ್ಷರ ಕಲಿತ 'ಸೆಸಮಿ ಸ್ಟ್ರೀಟ್'ನ ಸುಮಾರು 200 ಹಳೆಯ ಕಂತುಗಳು 2022ರ ಆಗಸ್ಟಿನಲ್ಲಿ ಎಚ್‌ಬಿಒ ಮ್ಯಾಕ್ಸ್‌ನಿಂದ ಹೋದವು. ತಾವು ನೋಡಿ ಬೆಳೆದ ಕಂತನ್ನೇ ತಮ್ಮ ಕೂಸಿಗೆ ತೋರಿಸಬೇಕೆಂದಿದ್ದ ತಾಯಂದಿರು ಎಷ್ಟು ಜನವೋ!

ಏಕೆ ಹೀಗೆ? ಮೊದಲನೆಯ ಕಾರಣ ಕರಾರು. ಸ್ಟ್ರೀಮಿಂಗ್ ಸೇವೆಯಲ್ಲಿ ಕಾಣುವ ಎಷ್ಟೋ ಕಾರ್ಯಕ್ರಮಗಳು ಅವರ ಸ್ವಂತದ್ದಲ್ಲ. ಇಷ್ಟು ವರ್ಷ, ಇಂಥ ದೇಶದಲ್ಲಿ ಎಂದು ಬರೆದುಕೊಂಡು ಬಾಡಿಗೆಗೆ ತಂದವು. ಅವಧಿ ಮುಗಿದರೆ ಹಕ್ಕೂ ಮುಗಿಯಿತು. ಎರಡನೆಯದು ಲೆಕ್ಕಪತ್ರ. ಕಾರ್ಯಕ್ರಮ ಇರುವಷ್ಟು ಕಾಲ ಬರೆದವರಿಗೆ, ನಟಿಸಿದವರಿಗೆ ಒಪ್ಪಂದದಂತೆ ಹಣ ಸಲ್ಲಬೇಕು. ತೆಗೆದುಬಿಟ್ಟರೆ ಆ ಖರ್ಚು ಉಳಿಯಿತು. ಮೇಲಾಗಿ ಅದರ ಬೆಲೆಯನ್ನು ಪುಸ್ತಕದಲ್ಲಿ ನಷ್ಟವೆಂದು ಬರೆದುಕೊಂಡರೆ ತೆರಿಗೆಯ ಲೆಕ್ಕಕ್ಕೂ ಅನುಕೂಲ. 2023ರಲ್ಲಿ ಡಿಸ್ನಿ ಹೀಗೆ ಕಾರ್ಯಕ್ರಮಗಳನ್ನು ತೆಗೆದ ಬಾಬ್ತು ಸುಮಾರು 150 ಕೋಟಿ ಡಾಲರ್ ನಷ್ಟ ತೋರಿಸಿತು. ಮರದ ನೆರಳಿನಲ್ಲಿ ಕೂತವರು ಎಷ್ಟು ಜನ ಎಂಬುದು ಸೌದೆಯ ಲೆಕ್ಕದಲ್ಲಿ ಎಲ್ಲಿ ಬರುತ್ತದೆ?

ನಮ್ಮ ಭಾರತೀಯ ಸೇವೆಗಳ ಕಥೆ ಇನ್ನೂ ಸ್ವಾರಸ್ಯ. ಸ್ಟಾರ್ ಸುವರ್ಣದ ಧಾರಾವಾಹಿಗಳಿದ್ದ ಹಾಟ್‌ಸ್ಟಾರ್ 2017ರಲ್ಲಿ ಅಮೆರಿಕಕ್ಕೆ ಬಂತು, 2022ರ ಕೊನೆಗೆ ಇಲ್ಲಿ ಅಂಗಡಿ ಮುಚ್ಚಿತು. ಕೆಲವು ಕಾರ್ಯಕ್ರಮಗಳು ಹುಲು ಸೇವೆಗೆ ಹೋದವು. ಊರಿನಲ್ಲಿ ಕಲರ್ಸ್ ಕನ್ನಡ ವಾಹಿನಿಯ ಧಾರಾವಾಹಿಗಳನ್ನು ತೋರಿಸುತ್ತಿದ್ದ ವೂಟ್ 2023ರಲ್ಲಿ ಜಿಯೋಸಿನಿಮಾದಲ್ಲಿ ಕರಗಿತು. ಜಿಯೋಸಿನಿಮಾ ಮತ್ತು ಹಾಟ್‌ಸ್ಟಾರ್ ಸೇರಿ 2025ರ ಫೆಬ್ರವರಿ 14ರಂದು ಜಿಯೋಹಾಟ್‌ಸ್ಟಾರ್ ಆಯಿತು. ಆರು ತಿಂಗಳ ವೀಸಾದ ಮೇಲೆ ಬರುವ ನಮ್ಮ ತಂದೆತಾಯಿಯರಿಗೆ ಈ ಸಂಬಂಧಗಳನ್ನೆಲ್ಲ ವಿವರಿಸುವುದಕ್ಕಿಂತ ಕುರುವಂಶದ ವಂಶಾವಳಿ ಹೇಳುವುದು ಸುಲಭ. "ಅಲ್ಲಿ ಸಂಜೆ ಆದರೆ ಬರ್ತಿತ್ತು, ಇಲ್ಲಿ ಯಾಕೆ ಬರಲ್ಲ?" ಎಂದು ನಮ್ಮತ್ತೆಯವರು ಕೇಳಿದ್ದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. 'ಈ ದೇಶಕ್ಕೆ ಹಕ್ಕಿಲ್ಲ ಅಮ್ಮ' ಎಂದರೆ, "ನೋಡೋದಕ್ಕೂ ಹಕ್ಕು ಬೇಕೇನಪ್ಪ?" ಎಂದರು. ಪ್ರಶ್ನೆ ಸರಿಯಾಗಿಯೇ ಇತ್ತು.

ಈಗ ನಾನು ಮಗಳಿಗೆ ತೋರಿಸಬೇಕೆಂದಿದ್ದ ಕಂತಿಗೆ ಬರುತ್ತೇನೆ. 'ಮಾಲ್ಗುಡಿ ಡೇಸ್' ದೂರದರ್ಶನದಲ್ಲಿ ಬಂದದ್ದು 1986-87ರ ಹೊತ್ತಿನಲ್ಲಿ. ಆರ್.ಕೆ. ನಾರಾಯಣ್ ಅವರ ಕಥೆಗಳು, ಅವರ ತಮ್ಮ ಆರ್.ಕೆ. ಲಕ್ಷ್ಮಣ್ ಅವರ ರೇಖಾಚಿತ್ರಗಳು, ಎಲ್. ವೈದ್ಯನಾಥನ್ ಅವರ ಸಂಗೀತ, ನಮ್ಮ ಆಗುಂಬೆಯ ಮಳೆ ಮತ್ತು ಹೆಂಚಿನ ಮನೆಗಳು. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ತಂದೆಯಾಗಿ ಗಿರೀಶ್ ಕಾರ್ನಾಡ್, ತಾಯಿಯಾಗಿ ವೈಶಾಲಿ ಕಾಸರವಳ್ಳಿ. ನಾವು ಬಲ್ಲ ಮುಖಗಳೇ ಎಲ್ಲ. ಒಂದು ಕೊರತೆಯನ್ನು ಹೇಳಿಬಿಡಬೇಕು: ಆಗುಂಬೆಯ ಜಗುಲಿಯ ಮೇಲೆ ಕೂತು ನಮ್ಮ ನಟರು ಹಿಂದಿ ಮಾತಾಡುವುದು ಕನ್ನಡದ ಕಿವಿಗೆ ಇಂದಿಗೂ ಸ್ವಲ್ಪ ಒಗ್ಗುವುದಿಲ್ಲ. ಆದರೆ ಅವರ ನಡಿಗೆ, ಪಂಚೆ ಎತ್ತಿ ಕಟ್ಟುವ ರೀತಿ, ಮನೆಯೊಳಗಿನ ಕತ್ತಲೆ, ಇವೆಲ್ಲ ಕನ್ನಡದಲ್ಲೇ ಇವೆ.

ನಾನು ಹೇಳುವ ಕಂತು 'ದಿ ಮಿಸ್ಸಿಂಗ್ ಮೇಲ್' ಕಥೆಯದ್ದು. ತಾನಪ್ಪ ಎಂಬ ಪೋಸ್ಟ್‌ಮನ್. ಬೀದಿಯ ಪ್ರತಿ ಮನೆಯವರ ಸುಖದುಃಖ ಬಲ್ಲವನು. ರಾಮಾನುಜಂ ಎಂಬುವರ ಮಗಳಿಗೆ ಗಂಡು ಹುಡುಕುವುದರಲ್ಲೂ ಇವನ ಕೈಯಿದೆ. ಮದುವೆ ಗೊತ್ತಾದ ದಿನ ತಪ್ಪಿದರೆ ಆ ಸಂಬಂಧವೇ ಕೈಬಿಡಬಹುದು. ಅಷ್ಟರಲ್ಲಿ ಮನೆಯ ಹಿರಿಯ ಬಂಧುವೊಬ್ಬರು ಸಾವಿನ ಹಾಸಿಗೆಯಲ್ಲಿದ್ದಾರೆಂದು ಕಾಗದ ಬರುತ್ತದೆ, ಆಮೇಲೆ ತೀರಿಕೊಂಡರೆಂದು ತಂತಿ ಬರುತ್ತದೆ. ತಾನಪ್ಪ ಎರಡನ್ನೂ ಕೊಡದೆ ಇಟ್ಟುಕೊಳ್ಳುತ್ತಾನೆ. ಮದುವೆ ನಡೆಯುತ್ತದೆ. ಆಮೇಲೆ ತಾನೇ ತಂದುಕೊಟ್ಟು ತಪ್ಪೊಪ್ಪಿಕೊಳ್ಳುತ್ತಾನೆ. ಕೆಲಸ ಹೋಗುವಂಥ ಅಪರಾಧ. ರಾಮಾನುಜಂ ದೂರು ಕೊಡುವುದಿಲ್ಲ, ಆದರೆ ನೀನು ಹೀಗೆ ಮಾಡಬಾರದಿತ್ತು ಎಂಬ ನೋವನ್ನು ಮುಚ್ಚಿಡುವುದೂ ಇಲ್ಲ. ಇಷ್ಟೇ ಕಥೆ.

ಇದನ್ನು ನಾನು ಮೊದಲು ನೋಡಿದ್ದು 1987ರಲ್ಲಿ, ಇಂಜಿನಿಯರಿಂಗ್ ಹಾಸ್ಟೆಲಿನ ಟಿವಿ ಕೋಣೆಯಲ್ಲಿ, ನಲವತ್ತು ಹುಡುಗರ ಗಲಾಟೆಯ ನಡುವೆ. ಆಗ ನನಗಿದ್ದ ಕುತೂಹಲ ಒಂದೇ: ಮದುವೆ ನಡೆಯುತ್ತದೋ ಇಲ್ಲವೋ. ನಡೆಯಿತು. ಸಂತೋಷವಾಯಿತು. ಪೋಸ್ಟ್‌ಮನ್ ಜಾಣ ಎಂದುಕೊಂಡು ಊಟಕ್ಕೆ ಹೋದೆ.

ಎರಡನೆಯ ಸಲ 1996ರಲ್ಲಿ, ಇಲ್ಲಿ. ನನ್ನ ಅಣ್ಣ ಊರಿನಲ್ಲಿ ಟಿವಿಯಿಂದ ರೆಕಾರ್ಡ್ ಮಾಡಿದ ಒಂದು ಕ್ಯಾಸೆಟ್ ಕಳಿಸಿದ್ದ. ಭಾರತದ ಪಾಲ್ ಕ್ಯಾಸೆಟ್ ಇಲ್ಲಿನ ಎನ್‌ಟಿಎಸ್‌ಸಿ ಪ್ಲೇಯರಿಗೆ ಹೊಂದದೆ, ದುಡ್ಡು ಕೊಟ್ಟು ಬದಲಾಯಿಸಿಕೊಂಡು ನೋಡುತ್ತಿದ್ದ ದಿನಗಳು ಹಳಬರಿಗೆ ನೆನಪಿರಬೇಕು. ಅದರ ನಡುವೆ ಎರಡು ವರ್ಷ ಹಿಂದೆ, 1994ರಲ್ಲಿ, ನನ್ನ ತಂದೆ ತೀರಿಕೊಂಡಿದ್ದರು. ಆಗ ನನ್ನ ಹೆಂಡತಿಗೆ ದಿನ ತುಂಬಿತ್ತು. ವೀಸಾ ಸಿಗದೆ ಊರಿನಿಂದ ಯಾರೂ ಬಂದಿರಲಿಲ್ಲ. ನನಗೆ ತಿಳಿಸಿದರೆ ಇವಳನ್ನು ಒಬ್ಬಳನ್ನೇ ಬಿಟ್ಟು ಓಡಿಬರುತ್ತಾನೆಂದು ಅಣ್ಣ ಸುದ್ದಿಯನ್ನೇ ತಡೆದ. ಒಂಬತ್ತು ದಿನ. ನಡುವೆ ಒಂದು ಸಲ ನಾನೇ ಫೋನ್ ಮಾಡಿದಾಗ, "ಅಪ್ಪ ಮಲಗಿದಾರೆ, ಏಳಿಸಬೇಡ ಬಿಡು" ಎಂದಿದ್ದ. ಮಗಳು ಹುಟ್ಟಿದ ಮಾರನೆಯ ದಿನ ಹೇಳಿದ. ನಾನು ಎರಡು ವರ್ಷ ಅವನ ಜೊತೆ ಸರಿಯಾಗಿ ಮಾತಾಡಲಿಲ್ಲ. ಕ್ಯಾಸೆಟ್ಟಿನಲ್ಲಿ ಆ ಕಂತು ಇದೆಯೆಂಬುದು ಅವನಿಗೆ ನೆನಪಿತ್ತೋ ಇಲ್ಲವೋ, ನಾನು ಎಂದೂ ಕೇಳಲಿಲ್ಲ. ಆ ಸಲ ನಾನು ನೋಡಿದ್ದು ರಾಮಾನುಜಂ ಅವರ ಮುಖವನ್ನು ಮಾತ್ರ.

ಮೂರನೆಯ ಸಲ, ಅಣ್ಣ ಹೋದ ವರ್ಷ, ಈ ಸ್ಟ್ರೀಮಿಂಗ್ ಸೇವೆಯಲ್ಲೇ. ಆಗ ಕಂಡದ್ದು ತಾನಪ್ಪ. ಜೇಬಿನಲ್ಲಿ ಸಾವಿನ ತಂತಿ ಇಟ್ಟುಕೊಂಡು ಮದುವೆಮನೆಯಲ್ಲಿ ಓಡಾಡುವುದೆಂದರೆ ಏನು? "ಮಲಗಿದಾರೆ" ಎಂದು ಫೋನಿನಲ್ಲಿ ಹೇಳಿದವನು ಆಮೇಲೆ ಫೋನ್ ಇಟ್ಟು ಏನು ಮಾಡಿರಬೇಕು?

ಕಂತು ಅದೇ. ಅರ್ಧ ಗಂಟೆಯೂ ಇಲ್ಲದ ಅದೇ ಚಿತ್ರ. ಒಂದು ಚೌಕಟ್ಟೂ ಬದಲಾಗಿಲ್ಲ. ಅದು ಬದಲಾಗದೆ ನಿಂತಿತ್ತು ಎಂಬ ಕಾರಣಕ್ಕೇ ನಾನು ಎಷ್ಟು ಬದಲಾಗಿದ್ದೇನೆ ಎಂಬುದು ನನಗೆ ಕಂಡಿತು. ಒಳ್ಳೆಯ ಕೃತಿಯ ಗುಣ ಇದೇ ಎಂದು ನನ್ನ ನಂಬಿಕೆ. ಶಂಕರ್‌ನಾಗ್ ಇಲ್ಲಿ ಯಾರು ಸರಿ ಎಂದು ತೀರ್ಪು ಕೊಡುವ ಆತುರ ತೋರಿಸುವುದಿಲ್ಲ. ಹಾಗಾಗಿ ನೋಡುವವನು ಯಾವ ವಯಸ್ಸಿನಲ್ಲಿ ಬಂದರೂ ಅವನಿಗೊಂದು ಜಾಗ ಅಲ್ಲಿರುತ್ತದೆ. ಆದರೆ ಆ ಜಾಗಕ್ಕೆ ಮರಳಿ ಹೋಗಲು ದಾರಿ ಇರಬೇಕಲ್ಲ! ನಮ್ಮ ಮನೆಗಳಲ್ಲಿ ಕುಮಾರವ್ಯಾಸನನ್ನೋ ಡಿವಿಜಿಯವರನ್ನೋ ಹಿರಿಯರು ಒಂದು ಸಲ ಓದಿ ಕಪಾಟಿನಲ್ಲಿಡುತ್ತಿರಲಿಲ್ಲ. ಯಾರೂ ಬಂದು ಕರಾರು ಮುಗಿಯಿತೆಂದು ಪುಸ್ತಕ ಎತ್ತಿಕೊಂಡು ಹೋಗುತ್ತಲೂ ಇರಲಿಲ್ಲ.

ಇಲ್ಲೊಂದು ವಿಚಿತ್ರ ಗಮನಿಸಿ. 'ಮಾಲ್ಗುಡಿ ಡೇಸ್' ಮಾಡಿದಾಗ ವಾರಕ್ಕೊಂದು ಸಲ ದೂರದರ್ಶನದಲ್ಲಿ ತೋರಿಸುವುದಷ್ಟೇ ಉದ್ದೇಶ. ತಪ್ಪಿಸಿಕೊಂಡರೆ ಹೋಯಿತು. 'ಬೇಕಾದಾಗ ನೋಡಿ' ಎಂದು ಯಾರೂ ಭರವಸೆ ಕೊಟ್ಟಿರಲಿಲ್ಲ. ಶಂಕರ್‌ನಾಗ್ 1990ರಲ್ಲಿ, ಇನ್ನೂ 35ರ ವಯಸ್ಸಿನಲ್ಲಿ ಹೋಗಿಬಿಟ್ಟರು. ಆದರೂ ಮರುಪ್ರಸಾರ, ಕ್ಯಾಸೆಟ್, ಡಿವಿಡಿ ಎಂದು ಅದು ಸುಮಾರು ನಲವತ್ತು ವರ್ಷ ಬಾಳಿದೆ. 'ಯಾವಾಗ ಬೇಕಾದರೂ, ಎಷ್ಟು ಸಲ ಬೇಕಾದರೂ' ಎಂಬ ಭರವಸೆಯ ಮೇಲೆಯೇ ತಯಾರಾದ 'ವಿಲೋ' ಆರು ತಿಂಗಳು ಬಾಳಲಿಲ್ಲ. ಬಾಳಿಕೆ ಭರವಸೆಯಲ್ಲಿಲ್ಲ, ನಾಲ್ಕಾರು ಮನೆಗಳ ಕಪಾಟಿನಲ್ಲಿದೆ.

ಹಾಗಾದರೆ ಹಿಂದಿನ ಕಾಲವೆಲ್ಲ ಚೆನ್ನಾಗಿತ್ತೇ? ಇಲ್ಲ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' 1934ರ ಮಾರ್ಚ್ 3ರಂದು ಬಿಡುಗಡೆಯಾಯಿತು. ಅದರ ಒಂದು ಪ್ರತಿಯೂ ಇಂದು ಉಳಿದಿಲ್ಲ. ಸುಬ್ಬಯ್ಯನಾಯ್ಡು ಅವರು ಅದರಲ್ಲಿ ಹೇಗೆ ಅಭಿನಯಿಸಿದ್ದರು ಎಂಬುದನ್ನು ನಾವು ಕೇಳಿ ನಂಬಬೇಕೇ ಹೊರತು ನೋಡಿ ಹೇಳುವಂತಿಲ್ಲ. ನೋಡಲಾಗದ ಚಿತ್ರಕ್ಕೆ ವಿಮರ್ಶೆ ಎಲ್ಲಿಂದ? ಶ್ರಾದ್ಧದ ದಿನ ಹೆಸರು ಹೇಳಿದಂತೆ ವರ್ಷಕ್ಕೊಮ್ಮೆ ಹೆಸರು ಹೇಳುತ್ತೇವೆ. ಇಂಗ್ಲೆಂಡಿನ ಬಿಬಿಸಿಯೂ 'ಡಾಕ್ಟರ್ ಹೂ' ಧಾರಾವಾಹಿಯ 1960ರ ದಶಕದ ಎಷ್ಟೋ ಕಂತುಗಳ ಟೇಪನ್ನು ಅಳಿಸಿಹಾಕಿತ್ತು. ಟಿವಿ ಮುಂದೆ ಟೇಪ್‌ರೆಕಾರ್ಡರ್ ಹಿಡಿದು ಕೂತಿದ್ದ ಅಭಿಮಾನಿಗಳ ದೆಸೆಯಿಂದ ಕಳೆದುಹೋದ ಕಂತುಗಳ ಧ್ವನಿಯಾದರೂ ಉಳಿಯಿತು. ನಮ್ಮ ನೆಲಮಾಳಿಗೆಯ ಕ್ಯಾಸೆಟ್ಟುಗಳಿಗೂ ಬೂಷ್ಟು ಹಿಡಿದಿದೆ. ಅಣ್ಣ ಕಳಿಸಿದ ಆ ಕ್ಯಾಸೆಟ್ ಎಂದೋ ಕೆಟ್ಟುಹೋಯಿತು.

ಸ್ಟ್ರೀಮಿಂಗ್ ಸೇವೆಗಳಿಂದ ಉಪಕಾರವೂ ಆಗಿದೆ, ಇಲ್ಲವೆನ್ನಬಾರದು. 1990ರಿಂದ 1995ರವರೆಗೆ ಬಂದ 'ನಾರ್ದರ್ನ್ ಎಕ್ಸ್‌ಪೋಷರ್' ಹಾಡುಗಳ ಹಕ್ಕಿನ ತೊಡಕಿನಿಂದ ವರ್ಷಗಟ್ಟಲೆ ಯಾವ ಸ್ಟ್ರೀಮಿಂಗ್ ಸೇವೆಯಲ್ಲೂ ಸಿಗದೆ, 2024ರ ಜನವರಿಯಲ್ಲಿ ಪ್ರೈಮ್ ವಿಡಿಯೋಗೆ ಬಂತು. ನೂರು ಕ್ಯಾಸೆಟ್ ಜೋಡಿಸಿಡಲು ಜಾಗವಿಲ್ಲದ ಅಪಾರ್ಟ್‌ಮೆಂಟಿನ ಹೊಸ ದಂಪತಿಗಳಿಗೆ ಈ ಸೇವೆಗಳು ವರದಾನವೇ. ನನ್ನ ತಕರಾರು ಬಾಡಿಗೆಗೆ ಕೊಡುವುದರ ಮೇಲಲ್ಲ. ಕೊಳ್ಳುವ ದಾರಿಯೇ ಇಲ್ಲದಂತೆ ಬಾಡಿಗೆಗೆ ಮಾತ್ರ ಕೊಡುವುದರ ಮೇಲೆ, ಹೇಳದೆ ಕೇಳದೆ ಕಿತ್ತುಕೊಳ್ಳುವುದರ ಮೇಲೆ. ಕೊಂಡೆ ಎಂದುಕೊಂಡದ್ದೂ ಎಷ್ಟೋ ಸಲ ಕೊಂಡದ್ದಲ್ಲ, ಪರವಾನಗಿ ಅಷ್ಟೆ. ಡಿಜಿಟಲ್ ಸರಕನ್ನು ಹೀಗೆ ಮಾರುವವರು, ಇದು ಪರವಾನಗಿ ಮಾತ್ರ ಎಂದು ಸ್ಪಷ್ಟವಾಗಿ ತಿಳಿಸದೆ 'ಕೊಳ್ಳಿ' ಎಂಬ ಪದ ಬಳಸಬಾರದೆಂದು ಕ್ಯಾಲಿಫೋರ್ನಿಯಾದಲ್ಲಿ ಕಾನೂನೇ ಆಗಬೇಕಾಯಿತು. ಅದು 2025ರ ಜನವರಿ 1ರಿಂದ ಜಾರಿಯಲ್ಲಿದೆ. ಪದಕ್ಕೆ ಅರ್ಥ ಉಳಿಸಲು ಕಾನೂನು ಬೇಕಾದ ಕಾಲ!

ಕದ್ದು ನಕಲು ಮಾಡಿ ಎಂದು ನಾನು ಹೇಳುತ್ತಿಲ್ಲ. ಕಲಾವಿದನ ಅನ್ನ ಕಿತ್ತು ಕಲೆ ಉಳಿಸುವುದು ಸರಿಯಲ್ಲ. ಆದರೆ ನ್ಯಾಯವಾದ ದಾರಿಗಳು ಇನ್ನೂ ಇವೆ. ನಿಜವಾಗಿ ಇಷ್ಟಪಟ್ಟದ್ದರ ಡಿಸ್ಕ್ ಸಿಕ್ಕರೆ ಕೊಂಡಿಡಿ. ಅಂಚೆಯಲ್ಲಿ ಡಿಸ್ಕ್ ಕಳಿಸುವುದರಿಂದಲೇ 1998ರಲ್ಲಿ ವ್ಯಾಪಾರ ಶುರುಮಾಡಿದ ನೆಟ್‌ಫ್ಲಿಕ್ಸ್ 2023ರ ಸೆಪ್ಟೆಂಬರ್ 29ರಂದು ಆ ಸೇವೆ ನಿಲ್ಲಿಸಿತು, ಕೊನೆಯ ಡಿಸ್ಕುಗಳನ್ನು ಗಿರಾಕಿಗಳೇ ಇಟ್ಟುಕೊಳ್ಳಲಿ ಎಂದಿತು. ಆದರೆ ನಮ್ಮೂರ ಪಬ್ಲಿಕ್ ಲೈಬ್ರರಿಯಲ್ಲಿ ಡಿಸ್ಕುಗಳು ಈಗಲೂ ಸಿಗುತ್ತವೆ. ಕೇಳುವವರಿಲ್ಲದಿದ್ದರೆ ಅವರೂ ತೆಗೆದುಹಾಕುತ್ತಾರೆ, ಆದ್ದರಿಂದ ಹೋಗಿ ಕೇಳಿ. ಕೊಂಡ ಡಿಸ್ಕನ್ನು ಇನ್ನೊಬ್ಬರಿಗೆ ಎರವಲು ಕೊಡಲು ಈ ದೇಶದ ಕಾನೂನು ಅಡ್ಡಿಮಾಡುವುದಿಲ್ಲ. ಸ್ಟ್ರೀಮಿಂಗಿನಲ್ಲಿ ಆ ಹಕ್ಕೂ ಇಲ್ಲ ಎಂಬುದನ್ನು ನೆನಪಿಡಿ. ನಮ್ಮ ಸಂಘದಲ್ಲಿ ಹಿಂದೆ ಕ್ಯಾಸೆಟ್ ಬೀರು ಇತ್ತು. ಬೀರು ಮತ್ತೆ ಬೇಕಿಲ್ಲ, ಯಾರ ಮನೆಯಲ್ಲಿ ಯಾವ ಡಿಸ್ಕ್ ಇದೆ ಎಂಬ ಒಂದು ಪಟ್ಟಿ ಸಾಕು. ಮುಂದಿನ ಯುಗಾದಿ ಕಾರ್ಯಕ್ರಮಕ್ಕೆ ಬರುವಾಗ ನಿಮ್ಮಲ್ಲಿರುವುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಬಂದರೆ, ಪಟ್ಟಿ ಮಾಡುವ ಕೆಲಸ ನನ್ನದು.

ದೀಪಾವಳಿಯ ರಾತ್ರಿಯ ಕಥೆ ಮುಗಿಸಿಬಿಡುತ್ತೇನೆ. ಎಂದೋ ಊರಿನಿಂದ ತಂದು ಪ್ಲಾಸ್ಟಿಕ್ ಕೂಡ ಬಿಚ್ಚದೆ ಇಟ್ಟಿದ್ದ 'ಮಾಲ್ಗುಡಿ ಡೇಸ್' ಡಿವಿಡಿಗಳು ನನ್ನ ಹೆಂಡತಿಗೆ ನೆನಪಾದವು. ನೆಲಮಾಳಿಗೆಗೆ ಹೋಗಿ ಹಳೆಯ ಪ್ಲೇಯರ್ ಹುಡುಕಿ, ಧೂಳು ಒರೆಸಿ, ವೈರು ಜೋಡಿಸುವಷ್ಟರಲ್ಲಿ ಹನ್ನೊಂದೂವರೆ. ಮೂವರೂ ಕೂತು ನೋಡಿದೆವು. ಮುಗಿದ ಮೇಲೆ, ಅವಳು ಹುಟ್ಟಿದ ವಾರದ ಕಥೆಯನ್ನು ಮಗಳಿಗೆ ಮೊದಲ ಸಲ ಪೂರ್ತಿಯಾಗಿ ಹೇಳಿದೆ. ಮೂವತ್ತು ವರ್ಷ ಹೇಳದೆ ಇದ್ದುದನ್ನು ಹೇಳಲು ನನಗೆ ಆ ಪೋಸ್ಟ್‌ಮನ್ ಬೇಕಾಗಿದ್ದ.

ಸ್ವಲ್ಪ ಹೊತ್ತು ಸುಮ್ಮನಿದ್ದು ಅವಳು, "ದೊಡ್ಡಪ್ಪ ಮಾಡಿದ್ದು ಸರಿನಾ ಅಪ್ಪ?" ಎಂದಳು.

"ಗೊತ್ತಿಲ್ಲ ಪುಟ್ಟಿ. ಇನ್ನೊಂದು ಹತ್ತು ವರ್ಷ ಬಿಟ್ಟು ಇನ್ನೊಂದು ಸಲ ನೋಡೋಣ" ಎಂದೆ.

ಡಿವಿಡಿಗಳು ನಮ್ಮ ಮನೆಯಲ್ಲಿವೆ. ಬೇಕಾದವರು ಕೇಳಿ ಒಯ್ಯಬಹುದು. ವಾಪಸ್ ತಂದುಕೊಡುವುದನ್ನು ಮಾತ್ರ ಮರೆಯಬೇಡಿ.